ದೇಶವನ್ನು ಯಾವುದಕ್ಕೆ ಹೋಲಿಸುವುದು? ಮಗಳ ಭಾಷಣಕ್ಕೆ ಒಂದು ಹೋಲಿಕೆ ಬೇಕು

ಕಾಳಿದಂಡೆ_ಕಾರವಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪೂರ್ತಿ ಓದಿ ಪ್ಲೀಸ್.

ನನ್ನ ಮಗಳು ಒಂಬತ್ತನೇ ಕ್ಲಾಸು. ಮುಂದಿನ ತಿಂಗಳು ಭಾಷಣ ಸ್ಪರ್ಧೆ ಇದೆ, ವಿಷಯ 'ವಿವಿಧತೆಯಲ್ಲಿ ಏಕತೆ'. ಕಳೆದ ವರ್ಷವೂ ಹೆಚ್ಚುಕಡಿಮೆ ಇದೇ ವಿಷಯ. ಆಗ ಅವಳು ಒಂದೇ ದಾರದಲ್ಲಿ ಕಟ್ಟಿದ ಬೇರೆ ಬೇರೆ ಹೂವಿನ ಹಾರ ಅಂತ ಮಾತಾಡಿದ್ದಳು. ಚೆನ್ನಾಗಿಯೇ ಮಾತಾಡಿದಳು. ಮುಗಿದ ಮೇಲೆ ತೀರ್ಪು ಕೊಟ್ಟವರೊಬ್ಬರು ಕರೆದು, ಎಲ್ಲ ಸರಿ, ಆದರೆ ನಿನ್ನ ಮಾತಲ್ಲಿ ಕೊಂಕಣಿ ರಾಗ ಬರುತ್ತದೆ, ಅದು ಹೋದರೆ ಮಾತ್ರ ಬಹುಮಾನ ಸಿಗುತ್ತದೆ ಅಂದರಂತೆ. ಮನೆಗೆ ಬಂದವಳು ಊಟ ಮಾಡಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: "ಆಯಿ, ಹೂವೆಲ್ಲ ಬೇರೆ ಬೇರೆ ಇರಬಹುದು ಅಂತ ನಾನೇ ಹೇಳಿದೆ ಅಲ್ವಾ, ಮತ್ತೆ ನನ್ನ ರಾಗ ಯಾಕೆ ಇರಬಾರದು?" ನನಗೆ ಉತ್ತರ ಗೊತ್ತಾಗಲಿಲ್ಲ. ಇವತ್ತಿಗೂ ಆ ಮಾತು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈ ವರ್ಷ ಅವಳಿಗೆ ಹಾರ ಬೇಡವೇ ಬೇಡ. ಇಂಟರ್‌ನೆಟ್ಟಲ್ಲಿ ಹುಡುಕಿದೆವು. ಅಮೆರಿಕದವರದು ಮೆಲ್ಟಿಂಗ್ ಪಾಟ್, ಕೆನಡಾದವರದು ಮೊಸಾಯಿಕ್, ದಕ್ಷಿಣ ಆಫ್ರಿಕಾದವರದು ಕಾಮನಬಿಲ್ಲು, ಇನ್ನೊಂದು ಕಡೆ ಸಲಾಡ್ ಅಂತ ಇತ್ತು. ಸಲಾಡ್ ಬದಲು ಕೋಸಂಬರಿ ಅಂತ ಬರೆಯಲಾ ಅಂತ ಕೇಳಿದಳು. ಯಾವುದೂ ನಮ್ಮದು ಅನ್ನಿಸಲಿಲ್ಲ. ನಮ್ಮ ಭಾನುವಾರದ ಸಂತೆಗೆ ಹೋಗಿ ಒಂದು ಗಂಟೆ ನಿಂತರೆ ಸಾಕು. ಕರಿಮಣಿ ಸರಗಳನ್ನು ಕುತ್ತಿಗೆ ತುಂಬ ಹಾಕಿಕೊಂಡು ಹಾಲಕ್ಕಿ ಸಮುದಾಯದ ಅಜ್ಜಿಯರು ಬಸಳೆ, ಹರಿವೆ ಇಟ್ಟುಕೊಂಡು ಕೂತಿರುತ್ತಾರೆ. ಮೀನು ಮಾರುವ ಹೆಂಗಸು ನನ್ನ ಹತ್ತಿರ ಕೊಂಕಣಿಯಲ್ಲಿ ರೇಟು ಹೇಳಿ, ಪಕ್ಕದ ಗಿರಾಕಿಗೆ ಕನ್ನಡದಲ್ಲಿ ಬೈದು, ನೌಕಾನೆಲೆಯ ಹುಡುಗನಿಗೆ ಹಿಂದಿಯಲ್ಲಿ ಮಾತಾಡುತ್ತ ಇಸವಣ ಮೀನು ಕೊಯ್ದು ಕೊಡುತ್ತಾಳೆ. ಅವಳಿಗೆ ಇದೆಲ್ಲ ದೊಡ್ಡ ವಿಷಯವೇ ಅಲ್ಲ. ಇಂಥದ್ದನ್ನು ಯಾವುದಕ್ಕೆ ಹೋಲಿಸುವುದು? ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಹೋಲಿಕೆ ಏನಾದರೂ ಇದೆಯಾ?

ಶಿರಸಿ_ಬೆಟ್ಟ:

ಅಕ್ಕಾ, ದೂರ ಯಾಕೆ ಹೋಗುತ್ತೀರಿ, ಅಡಿಕೆ ತೋಟ ಇದೆಯಲ್ಲ. ಮೇಲೆ ಅಡಿಕೆ, ಅದರ ಮೈಗೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಕೆಳಗೆ ನೆರಳಲ್ಲಿ ಏಲಕ್ಕಿ, ಅಲ್ಲೊಂದು ಇಲ್ಲೊಂದು ಜಾಯಿಕಾಯಿ. ಮೆಣಸಿನ ಬಳ್ಳಿಗೆ ಹತ್ತಲು ಮರ ಬೇಕು. ಆದರೆ ಅದು ಮರದ ರಸ ಹೀರುವುದಿಲ್ಲ, ಅದರ ಬೇರು ಮಣ್ಣಲ್ಲೇ ಇರುತ್ತದೆ. ಏಲಕ್ಕಿಗೆ ಬಿಸಿಲು ಆಗುವುದಿಲ್ಲ, ಮೇಲೆ ಯಾರಾದರೂ ಇರಲೇಬೇಕು. ಮಳೆಗಾಲ ಜೋರಾಗಿ ಕೊಳೆರೋಗ ಬಂದು ಅಡಿಕೆ ಉದುರಿ ಹೋದ ವರ್ಷ ಮನೆ ನಡೆಸಿದ್ದು ಮೆಣಸು. ನಮ್ಮ ಮನೆಯಲ್ಲಿ ನಾನೇ ನೋಡಿದ್ದೇನೆ, ಅಪ್ಪ ಆ ವರ್ಷ ಮೆಣಸು ಮಾರಿಯೇ ತಂಗಿಯ ಕಾಲೇಜು ಫೀಸು ಕಟ್ಟಿದ್ದು. ಎಲ್ಲ ಒಂದೇ ಬೆಳೆ ಹಾಕಿದವರು ಆ ವರ್ಷ ಸಾಲ ಮಾಡಿದರು.

ನಮ್ಮ ನಾಡಗೀತೆಯಲ್ಲೂ ಕರ್ನಾಟಕವನ್ನು ತೋಟ ಅಂತಲೇ ಕರೆದಿರುವುದು. ಹುಡುಗಿಗೆ ಅದನ್ನೇ ಹೇಳಲು ಹೇಳಿ, ಎಲ್ಲರಿಗೂ ಗೊತ್ತಿರುವ ಮಾತು, ಸುಲಭ ಆಗುತ್ತದೆ.

ಸಿದ್ದಾಪುರ_ಟು_ಟೊರೊಂಟೊ:

ನಾನು ಹದಿನಾಲ್ಕು ವರ್ಷದಿಂದ ಕೆನಡಾದಲ್ಲಿ ಇದ್ದೇನೆ. ನಿಮ್ಮ ಮಗಳು ಹುಡುಕಿದ ಹೋಲಿಕೆಗಳ ಹಿಂದೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ, ಅವಳಿಗೆ ಉಪಯೋಗ ಆಗಬಹುದು.

ಮೆಲ್ಟಿಂಗ್ ಪಾಟ್ ಅಂದರೆ ಅಡುಗೆ ಪಾತ್ರೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅದು ಅಕ್ಕಸಾಲಿಗರ ಮೂಸೆ. 1908ರಲ್ಲಿ ಇಸ್ರೇಲ್ ಝಾಂಗ್ವಿಲ್ ಬರೆದ ನಾಟಕಕ್ಕೆ ಇದೇ ಹೆಸರು, ಅಲ್ಲಿಂದ ಮಾತು ಮನೆಮಾತಾಯಿತು. ಮೂಸೆಯಲ್ಲಿ ಅಜ್ಜಿಯ ಸರ, ಅಮ್ಮನ ಬಳೆ, ಮಗುವಿನ ಉಂಗುರ ಎಲ್ಲ ಹಾಕಿ ಕರಗಿಸಿದರೆ ಬರುವುದು ಒಂದೇ ಗಟ್ಟಿ. ಯಾವುದು ಯಾರದ್ದು ಅಂತ ಆಮೇಲೆ ಕೇಳುವ ಹಾಗಿಲ್ಲ.

ಇದನ್ನು ಅವರು ಬರೀ ಬಾಯಿಮಾತಲ್ಲಿ ಬಿಡಲಿಲ್ಲ. 1910ರ ದಶಕದಲ್ಲಿ ಫೋರ್ಡ್ ಕಾರ್ಖಾನೆಯವರು ವಲಸೆ ಕಾರ್ಮಿಕರಿಗೆ ಇಂಗ್ಲಿಷ್ ಕಲಿಸುವ ಶಾಲೆ ನಡೆಸುತ್ತಿದ್ದರು. ಅಲ್ಲಿ ಪಾಸಾದವರಿಗೆ ಸಮಾರಂಭ. ವೇದಿಕೆ ಮೇಲೆ ನಿಜವಾಗಿ ಒಂದು ದೊಡ್ಡ ಹಂಡೆ. ಕಾರ್ಮಿಕರು ತಮ್ಮ ತಮ್ಮ ದೇಶದ ಬಟ್ಟೆ ಹಾಕಿಕೊಂಡು, ಗಂಟು ಹೊತ್ತುಕೊಂಡು ಹಡಗಿನಿಂದ ಇಳಿದ ಹಾಗೆ ಬಂದು ಹಂಡೆಯೊಳಗೆ ಇಳಿಯುವುದು. ಮೇಷ್ಟ್ರುಗಳು ಉದ್ದ ಸೌಟು ಹಿಡಿದು ಕಲಕುವುದು. ಆಮೇಲೆ ಅದೇ ಜನ ಕೋಟು ಹಾಕಿಕೊಂಡು ಅಮೆರಿಕದ ಬಾವುಟ ಬೀಸುತ್ತ ಹೊರಗೆ ಬರುವುದು. ನಾನು ಇದನ್ನು ಮೊದಲ ಸಲ ಓದಿದಾಗ ನನಗೆ ಯೋಚನೆ ಬಂದದ್ದು ಆ ಗಂಟುಗಳದ್ದು. ಗಂಟು ಏನಾಯಿತು? ಅದರಲ್ಲಿ ಯಾರದೋ ತಾಯಿ ಕೊಟ್ಟ ಏನಾದರೂ ಇದ್ದಿರಬಹುದು ಅಲ್ವಾ.

ಕೆನಡಾದವರು ಇದು ಬೇಡ ಅಂದರು. ಇಲ್ಲಿ ಮೊಸಾಯಿಕ್. 1971ರಲ್ಲಿ ಬಹುಸಂಸ್ಕೃತಿ ಸರ್ಕಾರದ ನೀತಿ ಆಯಿತು, 1988ರಲ್ಲಿ ಕಾಯ್ದೆಯೇ ಬಂತು. ಬಣ್ಣ ಬಣ್ಣದ ಚೂರು, ಪ್ರತಿಯೊಂದೂ ತನ್ನ ಬಣ್ಣದಲ್ಲೇ ಇರಬಹುದು. ನನ್ನಂಥವನಿಗೆ ಇದರಿಂದ ಒಳ್ಳೆಯದೇ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಜಾನ್ ಪೋರ್ಟರ್ ಅಂತ ಇಲ್ಲಿಯ ಸಮಾಜಶಾಸ್ತ್ರಜ್ಞರು 1965ರಲ್ಲೇ ಇದು ನೆಲಕ್ಕೆ ಹಾಸಿದ ಮೊಸಾಯಿಕ್ ಅಲ್ಲ, ಗೋಡೆಯ ಹಾಗೆ ನಿಲ್ಲಿಸಿದ್ದು, ಕೆಲವು ಚೂರು ಯಾವಾಗಲೂ ಮೇಲೆ, ಕೆಲವು ಯಾವಾಗಲೂ ಕೆಳಗೆ ಅಂತ ತೋರಿಸಿಕೊಟ್ಟರು. ಇನ್ನೊಂದು ವಿಷಯ, ಇದೇ ದೇಶದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ವಸತಿ ಶಾಲೆಗೆ ಹಾಕುತ್ತಿದ್ದರು. ಅಲ್ಲಿ ಸ್ವಂತ ಭಾಷೆ ಮಾತಾಡಿದರೆ ಶಿಕ್ಷೆ. ಆ ಶಾಲೆಗಳಲ್ಲಿ ಕೊನೆಯದು ಮುಚ್ಚಿದ್ದು 1990ರ ದಶಕದಲ್ಲಿ. ಅಂದರೆ ಮೊಸಾಯಿಕ್ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾಗಲೂ ಅದು ನಡೆಯುತ್ತಿತ್ತು. ನಿಮ್ಮ ಮಗಳ ರಾಗದ ಕತೆ ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ಅಷ್ಟು ದೊಡ್ಡ ಅನ್ಯಾಯಕ್ಕೆ ಇದನ್ನು ಸರಿಸಮ ಮಾಡುತ್ತಿಲ್ಲ. ಮಗುವಿಗೆ ನಾಚಿಕೆ ಹುಟ್ಟಿಸುವ ರೀತಿ ಮಾತ್ರ ಅದೇ.

ಹೋಲಿಕೆ ಯಾವುದೇ ಇರಲಿ, ಅದು ಯಾರಿಂದ ಏನು ಕೇಳುತ್ತದೆ ಅಂತ ನೋಡಲು ಹೇಳಿ. ಮೂಸೆ ಕೇಳುವುದು ಕರಗು ಅಂತ. ಮೊಸಾಯಿಕ್ ಕೇಳುವುದು ನಿನ್ನ ಜಾಗದಲ್ಲೇ ಇರು ಅಂತ.

ಗಜನಿ_ಕುಮಟಾ:

ಶಿರಸಿಯ ತಮ್ಮ ಚೆನ್ನಾಗಿ ಬರೆದಿದ್ದಾನೆ, ಆದರೆ ನನ್ನದೊಂದು ತಕರಾರು ಇದೆ. ತೋಟಕ್ಕೆ ಬೇಲಿ ಇರುತ್ತದೆ. ಮಾಲೀಕ ಇರುತ್ತಾನೆ. ಏಲಕ್ಕಿ ಕೆಳಗೇ ಇರಲಿ ಅಂತ ತೀರ್ಮಾನ ಮಾಡುವವನು ಏಲಕ್ಕಿ ಅಲ್ಲ. ಮತ್ತೆ ಮರ ಹತ್ತುವ ಕೊನೆಗೌಡ ನಿಮ್ಮ ಹೋಲಿಕೆಯಲ್ಲಿ ಎಲ್ಲೂ ಇಲ್ಲ. ತೋಟ ನಿಂತಿರುವುದು ಅವನ ಕಾಲಿನ ಮೇಲೆ.

ನಾವು ಅಘನಾಶಿನಿ ಅಳಿವೆಯವರು. ನಿಮ್ಮ ಶಿರಸಿಯಲ್ಲಿ ಹುಟ್ಟಿದ ಹೊಳೆಯೇ, ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲದೆ ನಮ್ಮ ಹತ್ತಿರ ಬಂದು ಸಮುದ್ರ ಸೇರುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಇಲ್ಲಿ ಸಿಹಿನೀರು ಯಾವುದು ಉಪ್ಪುನೀರು ಯಾವುದು ಅಂತ ಗೆರೆ ಎಳೆಯಲು ಆಗುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಮಳೆಗಾಲದಲ್ಲಿ ಹೊಳೆಯದೇ ಜೋರು, ಬೇಸಿಗೆಯಲ್ಲಿ ಉಪ್ಪು ಮೈಲುಗಟ್ಟಲೆ ಒಳಗೆ ಏರುತ್ತದೆ. ಈ ಅಳಿವೆಯ ಪಕ್ಕದಲ್ಲೇ ನಮ್ಮ ಗಜನಿ ಭೂಮಿ, ಉಪ್ಪುನೀರು ಬಂದು ಹೋಗುವ ಗದ್ದೆ. ಬೇರೆ ಭತ್ತ ಹಾಕಿದರೆ ಸುಟ್ಟು ಹೋಗುತ್ತದೆ. ನಮ್ಮ ಕಗ್ಗ ಭತ್ತ ಉಪ್ಪಿಗೂ ನಿಲ್ಲುತ್ತದೆ, ನೀರಲ್ಲಿ ಮುಳುಗಿದರೂ ಕೆಲವು ದಿನ ತಡೆಯುತ್ತದೆ. ಕೊಯ್ಲು ಆದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಡುತ್ತೇವೆ, ಸಿಗಡಿ ಮೀನು ಬರುತ್ತದೆ. ಉಳಿದ ಕೂಳೆ ಕೊಳೆತು ಅವಕ್ಕೆ ಆಹಾರ. ಅವು ಇದ್ದು ಹೋದ ಮಣ್ಣು ಮುಂದಿನ ವರ್ಷದ ಭತ್ತಕ್ಕೆ ಗೊಬ್ಬರ. ಗೊಬ್ಬರದ ಚೀಲ ನಮ್ಮ ಗಜನಿಗೆ ಬಂದದ್ದೇ ಇಲ್ಲ.

ಇದರಲ್ಲಿ ಒಂದು ಕಷ್ಟವೂ ಇದೆ, ಅದನ್ನೂ ಹೇಳಬೇಕು. ಉಪ್ಪುನೀರು ತಡೆಯುವ ಕಟ್ಟಿನ ಬಾಗಿಲು ಯಾವಾಗ ತೆಗೆಯಬೇಕು ಯಾವಾಗ ಹಾಕಬೇಕು ಅಂತ ಎಲ್ಲರೂ ಸೇರಿ ಮಾಡಬೇಕಾದ ಕೆಲಸ. ಒಬ್ಬ ರೈತ ತನ್ನ ಪಾಡಿಗೆ ತಾನು ಗಜನಿ ಮಾಡಲು ಆಗುವುದಿಲ್ಲ. ಕಟ್ಟು ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಈಗ ಹುಡುಗರೆಲ್ಲ ಊರು ಬಿಟ್ಟು ಹೋಗಿ, ಕಟ್ಟು ನೋಡುವವರಿಲ್ಲದೆ ಎಷ್ಟೋ ಗಜನಿ ಪಾಳು ಬಿದ್ದು ಕಾಂಡ್ಲಾ ಗಿಡ ಬೆಳೆದಿದೆ. ನೀರು ತಾನಾಗೇ ಬೆರೆಯುತ್ತದೆ ನಿಜ, ಆದರೆ ಅದರಲ್ಲಿ ಅನ್ನ ಬೆಳೆಯಬೇಕು ಅಂದರೆ ಜನ ಒಟ್ಟಿಗೆ ಕೆಸರಿಗೆ ಇಳಿಯಬೇಕು.

ಶಿರಸಿ_ಬೆಟ್ಟ:

ಕೊನೆಗೌಡನ ಮಾತು ಸರಿ ಅಣ್ಣಾ. ನಾನು ಬರೆಯುವಾಗ ಅವನ ನೆನಪೇ ಆಗಲಿಲ್ಲ, ಅದು ನನ್ನ ತಪ್ಪು. ನಮ್ಮ ಮನೆಗೆ ಬರುವವನು ಮೊನ್ನೆಯಷ್ಟೇ ಮದ್ದು ಹೊಡೆದು ಹೋದ.

ಕರಾವಳಿ_ಮಾಣಿ:

ಇಷ್ಟೆಲ್ಲ ಯಾಕೆ? ಹಾಲಿಗೆ ಸಕ್ಕರೆ ಬೆರೆತ ಹಾಗೆ ಅಂತ ಒಂದು ಮಾತು ಹೇಳಿದರೆ ಸಾಕು. ಪಾರ್ಸಿಗಳು ಗುಜರಾತಿನ ಸಂಜಾನಕ್ಕೆ ಬಂದಾಗಿನ ಕತೆ ಇದೆಯಲ್ಲ. ರಾಜ ಜಾಗ ಇಲ್ಲ ಅಂತ ಹೇಳಲು ತುಂಬಿದ ಹಾಲಿನ ಬಟ್ಟಲು ಕಳಿಸಿದ, ಅವರು ಅದಕ್ಕೆ ಸಕ್ಕರೆ ಹಾಕಿ ವಾಪಸ್ ಕಳಿಸಿದರು. ಚಿಕ್ಕದು, ಮಕ್ಕಳ ಬಾಯಲ್ಲಿ ಚೆನ್ನಾಗಿ ಬರುತ್ತದೆ.

ಭಟ್ಕಳ_ಬಂದರು:

ಆ ಕತೆ ನನಗೂ ಇಷ್ಟ, ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಅದರಲ್ಲಿ ಬಂದವನೇ ತಾನು ಸಿಹಿ ಅಂತ ತೋರಿಸಬೇಕು. ಸಿಹಿಯಾಗಿದ್ದರೂ ಕಾಣಿಸಬಾರದು. ಎಷ್ಟು ತಲೆಮಾರು ತೋರಿಸುತ್ತಾ ಇರುವುದು? ನೂರಾರು ವರ್ಷದಿಂದ ಇದೇ ಕರಾವಳಿಯಲ್ಲಿ ಇದ್ದವರಿಗೂ ಒಮ್ಮೊಮ್ಮೆ ಬಟ್ಟಲು ಮುಂದೆ ಹಿಡಿಯುತ್ತಾರೆ, ಬೇಜಾರಾಗುತ್ತದೆ.

ಅಕ್ಕಾ, ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ವಿಷಯ ಹೇಳಿ. ನಾವು ಭಟ್ಕಳದ ನವಾಯತ ಮುಸ್ಲಿಮರು, ಮನೆಯಲ್ಲಿ ನವಾಯತಿ ಮಾತಾಡುತ್ತೇವೆ. ಅದು ನಿಮ್ಮ ಕೊಂಕಣಿಗೆ ತೀರಾ ಹತ್ತಿರ. ನನ್ನ ಅಜ್ಜಿ ಮತ್ತು ಕಾರವಾರದ ಒಬ್ಬ ಅಜ್ಜಿ ಬಸ್ಸಲ್ಲಿ ಅಕ್ಕಪಕ್ಕ ಕೂತರೆ ಅಂಕೋಲಾ ಬರುವಷ್ಟರಲ್ಲಿ ಮನೆಕತೆ ಎಲ್ಲ ಮುಗಿಸುತ್ತಾರೆ. ಆದರೆ ನಾವು ಬರೆಯುವುದು ಅರಬ್ಬಿ-ಪರ್ಷಿಯನ್ ಲಿಪಿಯಲ್ಲಿ. ಕೊಂಕಣಿಯನ್ನು ದೇವನಾಗರಿ, ಕನ್ನಡ, ರೋಮನ್, ಮಲಯಾಳಂ, ಅರಬ್ಬಿ-ಪರ್ಷಿಯನ್ ಹೀಗೆ ಐದು ಲಿಪಿಯಲ್ಲಿ ಬರೆಯುತ್ತಾರೆ. ಒಂದೇ ಭಾಷೆಗೆ ಐದು ಬಟ್ಟೆ. 1992ರಲ್ಲಿ ಅದು ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿತು, ಈಗ ಅಲ್ಲಿರುವ 22 ಭಾಷೆಗಳಲ್ಲಿ ಒಂದು. ಅಂದರೆ ಅವಳ ಬಾಯಲ್ಲಿ ಬರುವ ರಾಗ ಸಂವಿಧಾನದಲ್ಲೇ ಹೆಸರು ಇರುವ ಭಾಷೆಯದು. ತೆಗೆದುಹಾಕುವಂಥದ್ದು ಅದರಲ್ಲಿ ಏನೂ ಇಲ್ಲ.

ನಿವೃತ್ತ_ಮಾಸ್ತರ_ಅಂಕೋಲಾ:

ತಂಗೀ, ಹಾರವನ್ನು ಅಷ್ಟು ಬೇಗ ಬಿಡಬೇಡಿ. ತಪ್ಪು ಹಾರದ್ದಲ್ಲ, ಅದನ್ನು ಕೇಳಿಯೂ ಅರ್ಥ ಮಾಡಿಕೊಳ್ಳದವರದ್ದು. ನಿಮ್ಮ ಊರಿನ ಕಡಲತೀರಕ್ಕೆ ಹೆಸರು ಕೊಟ್ಟ ಟ್ಯಾಗೋರರು 1880ರ ದಶಕದ ಆರಂಭದಲ್ಲಿ ಹರೆಯದಲ್ಲಿ ಕಾರವಾರಕ್ಕೆ ಬಂದು ಇದ್ದರು, ಅವರ ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಮುಂದೆ ಅವರು ಬರೆದ ರಾಷ್ಟ್ರಗೀತೆಯ ಮೊದಲ ಚರಣ ನಮಗೆಲ್ಲ ಬಾಯಿಪಾಠ. ಎರಡನೇ ಚರಣ ಶಾಲೆಯಲ್ಲಿ ಹಾಡುವುದಿಲ್ಲ. ಅದರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ, ಪಾರ್ಸಿ, ಮುಸಲ್ಮಾನ, ಕ್ರೈಸ್ತ ಅಂತ ಒಬ್ಬೊಬ್ಬರ ಹೆಸರೂ ಹಿಡಿದು ಕರೆದು, ಆಮೇಲೆ ಪ್ರೀತಿಯ ಹಾರ ಕಟ್ಟುವ ಮಾತು ಬರುತ್ತದೆ. ಮೊದಲು ಹೆಸರು, ಆಮೇಲೆ ಹಾರ. ಕ್ರಮ ನೋಡಿ. ಎಲ್ಲರೂ ಒಂದೇ ಅಂತ ಒಂದು ಮಾತಲ್ಲಿ ಮುಗಿಸಬಹುದಿತ್ತು, ಅವರು ಹಾಗೆ ಮಾಡಲಿಲ್ಲ.

ಇನ್ನೊಂದು. 1930ರ ಏಪ್ರಿಲ್‌ನಲ್ಲಿ ನಮ್ಮ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು. ಏಕತೆ ಅಂದಾಗ ನನ್ನ ಕಣ್ಣಿಗೆ ಬರುವುದು ಆ ಒಂದು ಹಿಡಿ ಉಪ್ಪು. ಉಪ್ಪಿಲ್ಲದ ಮನೆ ಇಲ್ಲ. ಬೇರೆ ಬೇರೆ ಜನ ಒಂದಾದದ್ದು ಒಂದೇ ಥರ ಆಗಿ ಅಲ್ಲ, ಎಲ್ಲರ ಗಂಜಿಗೂ ಬೇಕಾದ ಒಂದು ವಸ್ತುವಿಗಾಗಿ.

ಹಳಿಯಾಳ_ಸಿದ್ದಿ_ಹುಡುಗಿ:

ನಾನು ಯಾವಾಗಲೂ ಸುಮ್ನೆ ಓದಿ ಹೋಗುವವಳು. ಇದನ್ನು ಓದಿ ಬರೆಯಬೇಕು ಅನ್ನಿಸಿತು.

ನಾನು ಸಿದ್ದಿ. ನಮ್ಮ ಹಿರಿಯರಲ್ಲಿ ತುಂಬಾ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು ಈ ಘಟ್ಟದ ಕಾಡು ಸೇರಿದರು. ನಮ್ಮಲ್ಲಿ ಹಿಂದೂ ಇದ್ದಾರೆ, ಮುಸ್ಲಿಂ ಇದ್ದಾರೆ, ಕ್ರಿಶ್ಚಿಯನ್ ಇದ್ದಾರೆ. ಕುಣಿಯುವಾಗ ಡಮಾಮಿ ಎಲ್ಲರಿಗೂ ಒಂದೇ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಆದರೂ ನಾನು ಹುಬ್ಬಳ್ಳಿ ಬಸ್ ಹತ್ತಿದರೆ ಯಾರಾದರೂ ಒಬ್ಬರು ಇಂಗ್ಲಿಷಲ್ಲಿ ಯಾವ ದೇಶ ಅಂತ ಕೇಳುತ್ತಾರೆ. ನಾನು ಕನ್ನಡದಲ್ಲಿ ಉತ್ತರ ಕೊಟ್ಟ ಕೂಡಲೇ ಬಾಯಿ ಬಿಟ್ಟು ನೋಡುತ್ತಾರೆ. ಆ ನೋಟ ನನಗೆ ಅಭ್ಯಾಸ ಆಗಿಲ್ಲ, ಆಗುವುದೂ ಬೇಡ.

ನನ್ನ ಹತ್ತಿರ ಇರುವ ಹೋಲಿಕೆ ಕೌದಿ. ನಮ್ಮ ಮನೆಯಲ್ಲಿ ಕವಂದಿ ಅನ್ನುತ್ತೇವೆ. ಅಜ್ಜಿ ಹೊಲಿಯುವುದನ್ನು ಎಷ್ಟು ಸಲ ನೋಡಿದ್ದೇನೋ. ಮೊದಲು ನೆಲದ ಮೇಲೆ ಹಳೆ ಸೀರೆ ಹಾಸುತ್ತಾಳೆ. ಶುರು ಮಾಡುವುದು ನಡುವಿನಿಂದ ಅಲ್ಲ, ಮೂಲೆಯಿಂದ. ಅಂಚು ಹಿಡಿದು ತುಂಡು ಇಡುತ್ತಾ ಸುತ್ತು ಹಾಕಿ ಸುತ್ತು ಹಾಕಿ ಕೊನೆಗೆ ನಡುವಿಗೆ ಬರುತ್ತಾಳೆ. ನಡು ತುಂಬುವುದು ಎಲ್ಲಕ್ಕಿಂತ ಕೊನೆಗೆ. ತುಂಡು ಅಂದರೆ ಅಪ್ಪನ ಲುಂಗಿ, ಅತ್ತೆಯ ರವಿಕೆ, ನನ್ನ ಯೂನಿಫಾರ್ಮು, ಯಾರೋ ಕೆಲಸದ ಮನೆಯಲ್ಲಿ ಕೊಟ್ಟ ರೇಷ್ಮೆ ಸೀರೆಯ ಸೆರಗು. ರೇಷ್ಮೆ ಅಂತ ಅದಕ್ಕೆ ನಡುವಿನ ಜಾಗ ಇಲ್ಲ. ಆ ಹೊತ್ತಿಗೆ ಎಲ್ಲಿ ಖಾಲಿ ಇದೆಯೋ ಅಲ್ಲಿ. ಹೊಲಿಗೆ ತುಂಡಿನ ಅಂಚಿಗೆ ಮಾತ್ರ ಹಾಕುವುದಿಲ್ಲ, ಸಾಲು ಸಾಲಾಗಿ ಮೈಮೇಲೆಲ್ಲ ಹಾದು ಹೋಗುತ್ತದೆ, ಒಂದೇ ಸಾಲು ಲುಂಗಿಯನ್ನೂ ರೇಷ್ಮೆಯನ್ನೂ ದಾಟುತ್ತದೆ. ಹತ್ತಿರದಿಂದ ನೋಡಿದರೆ ಹೊಲಿಗೆ ಕಾಣುತ್ತದೆ, ಮುಚ್ಚುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಚೌಕದ ಬಟ್ಟೆ ಮಡಚಿ ಮಡಚಿ ಫೂಲ ಇಡಬೇಕು. ಫೂಲ ಇಲ್ಲದ ಕವಂದಿ ಬೆತ್ತಲೆ ಅನ್ನುತ್ತಾಳೆ ಅಜ್ಜಿ.

ಮತ್ತೆ ಕವಂದಿ ಹರಿದರೆ ಎಸೆಯುವುದಿಲ್ಲ. ಹರಿದ ಕಡೆ ಇನ್ನೊಂದು ತುಂಡು. ಟೊರೊಂಟೊ ಅಣ್ಣ ಹೇಳಿದ ಮೊಸಾಯಿಕ್ ಒಮ್ಮೆ ಒಣಗಿದರೆ ಮುಗಿಯಿತು, ಹೊಸ ಚೂರಿಗೆ ಜಾಗ ಎಲ್ಲಿ? ಕವಂದಿಗೆ ಯಾವತ್ತೂ ಜಾಗ ಇರುತ್ತದೆ. ಭಾರ ಜಾಸ್ತಿ ಆಗುತ್ತದೆ ಅಷ್ಟೇ, ಬೆಚ್ಚಗೂ ಜಾಸ್ತಿ ಆಗುತ್ತದೆ. ಮುಂಡಗೋಡಕ್ಕೆ 1966ರಿಂದ ಟಿಬೆಟಿನವರು ಬಂದು ಇದ್ದಾರಲ್ಲ, ನಮ್ಮ ಅಜ್ಜಿ ಅಲ್ಲಿ ಚಳಿಗಾಲದಲ್ಲಿ ತಂದ ಸ್ವೆಟರಿನ ತೋಳು ಕೂಡ ಒಂದು ಕವಂದಿಯಲ್ಲಿ ಇದೆ. ಉಣ್ಣೆ, ಸೂಜಿ ಇಳಿಯುವುದು ಕಷ್ಟ ಅಂತ ಬೈದುಕೊಂಡೇ ಹೊಲಿದಳು.

ಒಂದು ವಿನಂತಿ. ನಿಮ್ಮ ಮಗಳು ಇದನ್ನು ಹೇಳುವುದಾದರೆ ಹೊಲಿಯುವವರನ್ನು ಮರೆಯುವುದು ಬೇಡ. ಕಣ್ಣು ಮಂಜಾದ ಮೇಲೂ ಅಜ್ಜಿಗೆ ಬೆರಳಲ್ಲೇ ಹೊಲಿಗೆ ತಿಳಿಯುತ್ತದೆ. ದಾರ ಪೋಣಿಸಿ ಕೊಡುವುದು ಮಾತ್ರ ನಾನು.

ಸಿದ್ದಾಪುರ_ಟು_ಟೊರೊಂಟೊ:

ತಂಗೀ, ಮೂರು ಸಲ ಓದಿದೆ. ಹೊಸ ಚೂರಿಗೆ ಜಾಗ ಎಲ್ಲಿ ಅನ್ನುವ ಮಾತು ನನಗೆ ಹೊಳೆದೇ ಇರಲಿಲ್ಲ.

ಗಜನಿ_ಕುಮಟಾ:

ನನ್ನ ಗಜನಿಗಿಂತ ಇದೇ ಒಳ್ಳೆಯದು. ನೀರಿನ ಹೋಲಿಕೆಯಲ್ಲಿ ಯಾರ ಗುರುತೂ ಉಳಿಯುವುದಿಲ್ಲ, ಇದರಲ್ಲಿ ಉಳಿಯುತ್ತದೆ. ಆದರೂ ಕಟ್ಟಿನ ಬಾಗಿಲಿನ ವಿಷಯ ಒಂದು ಸಾಲು ಸೇರಿಸಲು ಆದರೆ ಸೇರಿಸಲಿ ಅಕ್ಕಾ.

ಕಾಳಿದಂಡೆ_ಕಾರವಾರ:

ಎಲ್ಲರದ್ದೂ ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಭಟ್ಕಳದ ಅಣ್ಣ ಬರೆದದ್ದು ಬಂದಾಗ ಫೋನು ಕಸಿದುಕೊಂಡು ತಾನೇ ಓದಿದಳು. ಹಳಿಯಾಳದ ತಂಗಿಯದ್ದು ಮುಗಿಯುವ ಮೊದಲೇ ಎದ್ದು ಅಟ್ಟ ಹತ್ತಿದಳು. ನನ್ನ ಅತ್ತೆ ಹೊಲಿದ ಗೋದಡಿ ಅಲ್ಲಿ ಟ್ರಂಕಿನಲ್ಲಿ ಇತ್ತು, ನಾನು ಮರೆತೇಬಿಟ್ಟಿದ್ದೆ. ನಮ್ಮಲ್ಲಿ ಫೂಲ ಇಡುವುದಿಲ್ಲ, ಅಂಚಿಗೆ ಕೆಂಪು ಪಟ್ಟಿ ಅಷ್ಟೇ. ಅಂಗಳದಲ್ಲಿ ಬಿಸಿಲಿಗೆ ಹಾಕಿ ಕೂತು ಎಣಿಸಿದಳು, 43 ತುಂಡು. ಒಂದು ನೀಲಿ ತುಂಡು ಅವಳ ಅಪ್ಪನ ಶಾಲೆಯ ಚಡ್ಡಿಯದ್ದು, ಗುಂಡಿಯ ತೂತು ಇನ್ನೂ ಹಾಗೇ ಇದೆ. ಅತ್ತೆ ಅದನ್ನು ಹೊಲಿದು ಮುಚ್ಚಿರಲಿಲ್ಲ.

ಪ್ರತಿಯೊಂದು ತುಂಡು ಯಾರದ್ದು ಅಂತ ಕೇಳಿದಳು. ನನಗೆ ಗೊತ್ತಿರುವುದು ಆರು ಮಾತ್ರ. ಉಳಿದದ್ದು ಅಂಕೋಲೆಯ ನನ್ನ ನಾದಿನಿಗೆ ಗೊತ್ತಿರಬಹುದು, ಭಾನುವಾರ ಗೋದಡಿ ಹಿಡಿದುಕೊಂಡು ಅವರ ಮನೆಗೆ ಹೋಗುತ್ತಿದ್ದೇವೆ. ಹಳಿಯಾಳದ ತಂಗೀ, ಸ್ಪರ್ಧೆ ಮುಗಿದ ಮೇಲೆ ನಿಮ್ಮ ಅಜ್ಜಿಯನ್ನು ನೋಡಲು ಬರಬಹುದಾ? ಮಗಳಿಗೆ ಫೂಲ ಮಡಚುವುದು ಹೇಗೆ ಅಂತ ಕಲಿಯಬೇಕಂತೆ. ಸೂಜಿಗೆ ದಾರ ತಾನೇ ಪೋಣಿಸಿ ಕೊಡುತ್ತಾಳಂತೆ.